ಚಪ್ಪಟೆ ಕಾಲಿನ ಪ್ಲಗ್ಗು

ಮೊನ್ನೆ ಮೊಮ್ಮಗಳು ಹೊರದೇಶಕ್ಕೆ ಹೊರಟಾಗ ಪೆಟ್ಟಿಗೆಯಲ್ಲಿ ಒಂದು ಬಿಳಿ ಡಬ್ಬಿ ಇಟ್ಟುಕೊಂಡಿದ್ದಳು. ಅದರ ಹೊಟ್ಟೆಯಿಂದ ಬೇಕಾದ ಕಾಲು ಹೊರಗೆ ಎಳೆಯಬಹುದು. ಒಂದು ದೇಶಕ್ಕೆ ದುಂಡು ಕಾಲು, ಇನ್ನೊಂದಕ್ಕೆ ಚಪ್ಪಟೆ ಕಾಲು, ಮತ್ತೊಂದಕ್ಕೆ ಓರೆ ಕಾಲು. "ಅಜ್ಜಿ, ಇದೊಂದಿದ್ರೆ ಯಾವ ದೇಶದ ಗೋಡೆಗೆ ಬೇಕಾದ್ರೂ ಚುಚ್ಚಬೋದು" ಅಂದಳು. ನನಗೆ ರೇಗಿಹೋಯಿತು. ಚುಚ್ಚುವುದಕ್ಕೇನು ದಾಡಿ, ಬೆಂಕಿಕಡ್ಡಿ ಸಿಕ್ಕಿಸಿಯೂ ಚುಚ್ಚಬಹುದು! ಪೆಟ್ಟಿಗೆಯಲ್ಲಿದ್ದ ಕರೆಂಟಿನ ಸಾಮಾನನ್ನೆಲ್ಲ ಹೊರಗೆ ತೆಗೆಸಿ, ಒಂದೊಂದರ ಮೇಲಿದ್ದ ಇರುವೆ ಗಾತ್ರದ ಅಕ್ಷರಗಳನ್ನು ಜೋರಾಗಿ ಓದಿಸಿದೆ. ಇಷ್ಟು ವೋಲ್ಟಿನಿಂದ ಇಷ್ಟು ವೋಲ್ಟಿನವರೆಗೆ ಅಂತ ಎರಡು ಅಂಕಿ ಇದ್ದರೆ ತೆಗೆದುಕೊಂಡು ಹೋಗು, ಒಂದೇ ಅಂಕಿ ಇದ್ದರೆ ಮನೆಯಲ್ಲೇ ಬಿಡು ಅಂದೆ. ಫೋನಿನ ಚಾರ್ಜರಿಗೆ ಎರಡಿತ್ತು. ಕೂದಲು ಒಣಗಿಸುವ ಯಂತ್ರಕ್ಕೆ ಒಂದೇ ಇತ್ತು. ಅವಳು ಅದನ್ನು ಬೀರುವಿನಲ್ಲಿ ಇಡುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ.

"ಈ ಅಜ್ಜಿಗೆ ಇದೆಲ್ಲ ಯಾರು ಹೇಳಿಕೊಟ್ರೋ" ಅಂತ ಗೊಣಗಿಕೊಂಡು ಹೋದಳು. ಯಾರೂ ಹೇಳಿಕೊಡಲಿಲ್ಲ. ನಾನು ಕಲಿತದ್ದು ನಮ್ಮತ್ತೆಯ ಎಡಗಾಲಿನಿಂದ.

ನಾನು ಹುಟ್ಟಿದ್ದು ಮಾಕಳಿದುರ್ಗದ ಬೆಟ್ಟದ ಕೆಳಗಿನ ಹಳ್ಳಿಯಲ್ಲಿ, ರಾಗಿ ಬೆಳೆಯುವವರ ಮನೆಯಲ್ಲಿ. ಮದುವೆಯಾಗುವವರೆಗೆ ಕರೆಂಟು ಅಂದರೆ ನನಗೆ ರೈಲಿನಲ್ಲಿ ಹೋದಾಗ ದೂರದಿಂದ ಕಂಡ ದೀಪ, ಅಷ್ಟೇ. ಅರವತ್ತರ ದಶಕದಲ್ಲಿ ದೊಡ್ಡಬಳ್ಳಾಪುರದ ಮನೆಗೆ ಸೊಸೆಯಾಗಿ ಬಂದೆ. ಅವರೂ ನಮ್ಮ ಕಡೆಯವರೇ, ಆದರೆ ಜಮೀನು ಬಿಟ್ಟು ಮಗ್ಗ ಹಿಡಿದವರು. ಹಜಾರದ ಪಕ್ಕದಲ್ಲೇ ಮಗ್ಗದ ಕೋಣೆ, ಅಲ್ಲಿ ಮೋಟಾರಿನ ಮಗ್ಗಗಳು. ಬೀದಿಯುದ್ದಕ್ಕೂ ಎಲ್ಲರ ಮನೆಯಲ್ಲೂ ಅದೇ. ಹಗಲು ರಾತ್ರಿ ಟಕಟಕ ಟಕಟಕ. ಬಂದ ಹೊಸತರಲ್ಲಿ ತಲೆ ಚಿಟ್ಟು ಹಿಡಿದು ಅಳು ಬರುತ್ತಿತ್ತು. ಆಮೇಲೆ ಆ ಸದ್ದು ಇದೆ ಅನ್ನುವುದೇ ಮರೆತುಹೋಯಿತು.

ಸದ್ದು ಅಭ್ಯಾಸವಾಯಿತು, ಕರೆಂಟು ಆಗಲಿಲ್ಲ. ಮನೆಗೆ ಎರಡು ಮೀಟರು. ಮಗ್ಗಕ್ಕೆ ಪವರ್ ಲೈನು, ದೀಪಕ್ಕೆ ಲೈಟ್ ಲೈನು. ಬಂದ ವಾರದಲ್ಲೇ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿ, ಭುಜದವರೆಗೆ ಜುಮ್ಮಂದು, ಕೂತಲ್ಲೇ ಕೂತುಬಿಟ್ಟೆ. ಅತ್ತೆ ಬಂದು ಬೆನ್ನಿಗೊಂದು ಗುದ್ದಿ ಎಬ್ಬಿಸಿದರು.

"ನೋಡೇ ಹುಡುಗಿ, ತಿಳ್ಕೊ. ಪವರ್ ಲೈನು ಮುಟ್ಟಿದ್ರೆ ಎತ್ತಿ ಎಸೀತದೆ. ಲೈಟ್ ಲೈನು ಹಿಡ್ಕೊಂತದೆ, ಬುಡಲ್ಲ. ಹಿಡ್ಕೊಂಡಿರೋರ್ನ ಮುಟ್ಟಿದ್ಯೋ, ನಿನ್ನೂ ಹಿಡ್ಕೊಂತದೆ" ಅಂದರು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಇಸ್ತ್ರಿಪೆಟ್ಟಿಗೆ ಹಾಕಬೇಕಾದರೂ ಮಣೆಯ ಮೇಲೆ ನಿಂತು, ದೇವರನ್ನು ನೆನೆದು, ಕೈಯ ಹಿಂಬದಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಿದ್ದೆ. ಮನೆಯವರೆಲ್ಲ ನಗುತ್ತಿದ್ದರು. ನಕ್ಕರೆ ನಗಲಿ, ಜೀವ ನಂದು ತಾನೆ?

ನಮ್ಮತ್ತೆ ಸಾಮಾನ್ಯದ ಹೆಂಗಸಲ್ಲ. ಮಾವ ತೀರಿಕೊಂಡ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಗ್ಗದ ಕೋಣೆಯಲ್ಲಿ ನಿಂತವರು. ಯಾವ ಮಗ್ಗದಲ್ಲಿ ನೂಲು ಕಿತ್ತಿದೆ ಅನ್ನುವುದನ್ನು ಅಡುಗೆಮನೆಯಲ್ಲಿ ಕೂತು ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಅವರ ಬಾಯಿಗೆ ಹೆದರದ ಕೆಲಸಗಾರನಿರಲಿಲ್ಲ. ಅಂಥವರಿಗೆ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮಾತ್ರ ಉಳಿಯಿತು, ದೇವರು ದೊಡ್ಡವನು. ಹಜಾರದ ಒಳಗಿನ ಕೋಣೆಯಲ್ಲಿ ಕಬ್ಬಿಣದ ಮಂಚ ಹಾಕಿದೆವು. ಅವರು ಅಲ್ಲಿಂದಲೇ ಮನೆ ಆಳುತ್ತಿದ್ದರು.

ಆ ಕಾಲಿನದು ವಿಚಿತ್ರ ಹಿಂಸೆ. ಚಿವುಟಿದರೆ ಗೊತ್ತಾಗದು, ಸೂಜಿ ಚುಚ್ಚಿದರೂ ಗೊತ್ತಾಗದು. ಆದರೆ ಒಳಗೆಲ್ಲೋ ಚಳಿ. "ಚರ್ಮ ಸತ್ತೈತೆ ಕಣೇ, ಮೂಳೆ ಸತ್ತಿಲ್ಲ. ಮೂಳೆಗೆ ಐಸ್ ಇಟ್ಟಂಗಾಯ್ತದೆ" ಅನ್ನುತ್ತಿದ್ದರು. ನಮ್ಮ ಕಡೆ ಮಾರ್ಗಶಿರ, ಪುಷ್ಯದ ಚಳಿ ಸುಮ್ಮನೆ ಅಲ್ಲ. ಎಷ್ಟು ಕಂಬಳಿ ಹೊದಿಸಿದರೂ ಆ ಕಾಲಿಗೆ ಸಾಲದು. ಮಾತಿನ ಮಲ್ಲಿ ನಮ್ಮತ್ತೆ ಚಳಿ ಬಂತೆಂದರೆ ಗೋಡೆಗೆ ಮುಖ ತಿರುಗಿಸಿ ಮಲಗಿಬಿಡುತ್ತಿದ್ದರು. ಅದನ್ನು ನೋಡಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ಆ ವರ್ಷವೇ ನಮ್ಮನೆಯವರು ಜಪಾನಿಗೆ ಹೋದದ್ದು. ಹೊಸ ಮಗ್ಗ ಮಾರುವ ಕಂಪನಿಯವರು ಯಂತ್ರ ತೋರಿಸಲು ಇಲ್ಲಿಂದ ಕೆಲವರನ್ನು ಕರೆದುಕೊಂಡು ಹೋದರು. ವಿಮಾನ ಬಿದ್ದರೆ ಏನು ಗತಿ ಅಂತ ನಾನು ಊಟ ಬಿಟ್ಟೆ. ಅವರು ಟ್ರಂಕಿಗೆ ಅವಲಕ್ಕಿ, ಚಟ್ನಿಪುಡಿ, ಕಾಫಿಪುಡಿ ತುಂಬಿಕೊಂಡರು, ಜೊತೆಗೆ ಬಕೆಟ್ಟಿನಲ್ಲಿ ಇಳಿಬಿಟ್ಟು ನೀರು ಕಾಯಿಸುವ ಕಾಯಿಲ್ ಒಂದನ್ನು ಇಟ್ಟುಕೊಂಡರು. ಬೆಳಿಗ್ಗೆ ಕಾಫಿಯಿಲ್ಲದೆ ಅವರು ಕಣ್ಣೇ ಬಿಡುತ್ತಿರಲಿಲ್ಲ.

ವಾಪಸು ಬಂದ ದಿನ ಅವ್ವನ ಮಂಚದ ಪಕ್ಕ ಕೂತು ಹೇಳಿದ್ದೆಲ್ಲ ಕಾಯಿಲಿನ ಕಥೆಯೇ. ಅಲ್ಲಿ ಗೋಡೆಯಲ್ಲಿ ನಮ್ಮ ಹಾಗೆ ದುಂಡು ತೂತುಗಳೇ ಇಲ್ಲವಂತೆ. ಚಾಕುವಿನಿಂದ ಸೀಳಿದಂತೆ ಎರಡು ಸೀಳು. ನಮ್ಮ ಕಾಯಿಲಿನ ಮೂರು ದುಂಡು ಕಾಲು ಅದರೊಳಗೆ ಹೋಗುವುದೆಲ್ಲಿ ಬಂತು? ಕೊನೆಗೆ ಯಾವುದೋ ಅಂಗಡಿಯಲ್ಲಿ ಕೈಸನ್ನೆ ಬಾಯಿಸನ್ನೆ ಮಾಡಿ, ನಡುವೆ ಸಿಕ್ಕಿಸುವ ತುಂಡೊಂದನ್ನು ಸಂಪಾದಿಸಿ ಹಾಕಿದರಂತೆ.

"ಕಾಯ್ತಾನೇ ಇದ್ದೀನವ್ವ, ಕಾಯ್ತಾನೇ ಇದ್ದೀನಿ. ಒಂದು ಜಗ್ಗು ನೀರು ಉಗುರುಬೆಚ್ಚಗಾಗೋ ಹೊತ್ಗೆ ನನ್ನ ಗಡ್ಡ ಬೆಳೀತು" ಅಂದರು.

"ಯಾಕ್ಲಾ ಹಂಗೆ?" ಅತ್ತೆ ಕೇಳಿದರು.

"ಅವರ ಕರೆಂಟು ಸಪ್ಪೆ ಕಣವ್ವ. ನೂರೇ ವೋಲ್ಟಂತೆ. ನಮ್ದು ಇನ್ನೂರರ ಮೇಲೆ. ಖಾರ ತಿಂದ ಬಾಯಿಗೆ ಗಂಜಿ ಕುಡಿಸ್ದಂಗೆ."

ಎಲ್ಲರೂ ನಕ್ಕೆವು, ನಾನೂ ನಕ್ಕೆ. ಇಲ್ಲಿಯ ಸಾಮಾನನ್ನು ಅಲ್ಲಿ ಹಾಕಿದರೆ ಏನೂ ಅಪಾಯವಿಲ್ಲ, ಬರೀ ಸಪ್ಪೆ. ಹಾಗಾದರೆ ಅಲ್ಲಿಯ ಸಾಮಾನನ್ನು ಇಲ್ಲಿ ಹಾಕಿದರೆ? ಅದನ್ನು ಯಾರೂ ಕೇಳಲಿಲ್ಲ.

ನಗು ಮುಗಿದ ಮೇಲೆ ಅವರು ಟ್ರಂಕಿನ ತಳದಿಂದ ಅವ್ವನಿಗೆಂದು ತಂದದ್ದನ್ನು ತೆಗೆದರು. ಮಗುವಿನ ಹಾಸಿಗೆಯಷ್ಟು ಅಗಲದ ತೆಳ್ಳನೆಯ ಮೆತ್ತೆ. ಮೇಲೆ ಮೆತ್ತನೆಯ ಬಟ್ಟೆ, ಒಳಗೆ ಹಾವಿನಂತೆ ಸುತ್ತಿ ಹೊಲಿದ ತಂತಿ. ವೈರಿನ ನಡುವೆ ಒಂದು ಪುಟ್ಟ ಸ್ವಿಚ್ಚು, ಅದಕ್ಕೆ ಮೂರು ಗುರುತು: ಕಮ್ಮಿ, ನಡುವೆ, ಜಾಸ್ತಿ. ಅಲ್ಲಿಯ ಚಳಿಗೆ ಮುದುಕರು ಇದನ್ನು ಕಾಲ ಕೆಳಗೆ ಹಾಕಿಕೊಂಡು ಮಲಗುತ್ತಾರಂತೆ. ಅದನ್ನು ನೋಡಿದಾಗ ಅವರಿಗೆ ಅವ್ವನ ಕಾಲೇ ನೆನಪಾಗಿ ಕಣ್ಣಲ್ಲಿ ನೀರು ಬಂತಂತೆ. ಅತ್ತೆ ಬಲಗೈಯಿಂದ ಆ ಬಟ್ಟೆ ಸವರಿದರು. "ನನ್ ಕಂದ" ಅಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ವೈರಿನ ಕೊನೆಯಲ್ಲಿ ಚಪ್ಪಟೆ ಕಾಲಿನ ಪ್ಲಗ್ಗು. ನಮ್ಮ ಗೋಡೆಯಲ್ಲಿ ದುಂಡು ತೂತು. ಅಲ್ಲಿಂದ ತಂದ ನಡುವಿನ ತುಂಡಿಗೆ ನಮ್ಮ ದುಂಡು ಕಾಲನ್ನು ಅವರ ಸೀಳಿಗೆ ಇಳಿಸಲು ಬರುತ್ತಿತ್ತೇ ಹೊರತು ಅವರ ಕಾಲನ್ನು ನಮ್ಮ ತೂತಿಗೆ ಇಳಿಸಲು ಬರುತ್ತಿರಲಿಲ್ಲ. ನಮ್ಮನೆಯವರು ತಿರುಗಿಸಿ ಮುರುಗಿಸಿ ನೋಡಿದರು. ಬರುವುದಿಲ್ಲ, ಬರುವುದಿಲ್ಲ ಅಂತ ಆ ಪ್ಲಗ್ಗು ಬಾಯಿಬಿಟ್ಟು ಹೇಳುತ್ತಿತ್ತು. ಅದನ್ನು ಮಾಡಿದವರು ಬೇರೆ ಕಾಲು ಕೊಟ್ಟದ್ದೇ ನಮ್ಮಂಥವರು ಅಲ್ಲಿಗೇ ನಿಲ್ಲಲಿ ಅಂತಲೋ ಏನೋ.

ಆದರೆ ಮಗ್ಗದವರು ನಿಲ್ಲುವ ಜಾತಿಯೇ? ಅವರ ಕೈಗೆ ಹುಟ್ಟಿದಾಗಿನಿಂದ ಒಂದೇ ಅಭ್ಯಾಸ. ಹಾಸಿನ ನೂಲು ಕಿತ್ತಿತೋ, ಎರಡು ತುದಿ ಹಿಡಿದು ಬೆರಳಲ್ಲೇ ಹೊಸೆದು ಗಂಟು ಹಾಕು, ಮಗ್ಗ ಓಡಿಸು. ಯೋಚನೆ ಮಾಡುತ್ತ ನಿಂತರೆ ಸೀರೆ ಆಗುವುದಿಲ್ಲ. ಯಾವುದಕ್ಕೆ ಯಾವುದು ಸೇರುವುದಿಲ್ಲ ಅನ್ನುವ ಮಾತೇ ಆ ಮನೆಯಲ್ಲಿ ಇರಲಿಲ್ಲ. ನಮ್ಮನೆಯವರು ನೂಲು ಕತ್ತರಿಸುವ ಕತ್ತರಿಯಲ್ಲೇ ಚಪ್ಪಟೆ ಪ್ಲಗ್ಗನ್ನು ಕಚಕ್ಕನೆ ಕತ್ತರಿಸಿದರು. ಹಲ್ಲಿನಿಂದ ವೈರಿನ ಸಿಪ್ಪೆ ಸುಲಿದು, ತಂತಿ ಹೊಸೆದು, ಗೋಡೆಯ ದುಂಡು ತೂತುಗಳಿಗೆ ಇಳಿಸಿ, ಬೀಳದ ಹಾಗೆ ಒಂದೊಂದಕ್ಕೂ ಬೆಂಕಿಕಡ್ಡಿ ಸಿಕ್ಕಿಸಿದರು.

"ಏನೂಂದ್ರೆ, ಅಲ್ಲಿ ನೂರು ಅಂದ್ರಿ. ಇಲ್ಲಿ ಇನ್ನೂರು ಅಂತೀರಿ. ಏನೂ ಆಗಲ್ವಾ?" ಅಂತ ಕೇಳಿದೆ.

"ಲೈಟ್ ಲೈನಿಗೆ ತಾನೆ ಹಾಕ್ತಿರೋದು, ಪವರ್ ಲೈನಿಗಾ? ಇನ್ನೂರು ಅಂತ ಮೀಟರಿನ ಮೇಲೆ ಬರ್ದಿರ್ತದೆ, ಬರೋದೆಲ್ಲಿ? ಆ ದೀಪ ನೋಡು, ಮಿಣುಕುಹುಳ ಇದ್ದಂಗೈತೆ. ಸಾಲದೂಂತ ಕಮ್ಮಿ ಗುರುತಿಗೇ ಇಡೋಣ" ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಬೀದಿಯ ಮಗ್ಗಗಳೆಲ್ಲ ಓಡುವಾಗ ಮನೆಯ ದೀಪದೊಳಗಿನ ತಂತಿ ಕೆಂಡದ ಹಾಗೆ ಕೆಂಪಗೆ ಕಾಣುತ್ತಿತ್ತೇ ಹೊರತು ಬೆಳಕಿರುತ್ತಿರಲಿಲ್ಲ. ಟ್ಯೂಬ್‌ಲೈಟು ಹತ್ತುತ್ತಲೇ ಇರಲಿಲ್ಲ. ಮಗ್ಗಗಳೇ ಕರೆಂಟನ್ನೆಲ್ಲ ಕುಡಿದುಬಿಡುತ್ತಿದ್ದವು. ಉಳಿದ ನೀರು ಮಜ್ಜಿಗೆ ನಮ್ಮ ಪಾಲಿಗೆ. ಸ್ವಿಚ್ಚು ಹಾಕಿ, ಕಮ್ಮಿ ಗುರುತಿಗಿಟ್ಟರು. ಮೆತ್ತೆ ಹದವಾಗಿ ಬೆಚ್ಚಗಾಯಿತು. ನಾನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದೆ, ಜುಮ್ಮನ್ನಲಿಲ್ಲ. ಅತ್ತೆಯ ತೊಡೆಯ ಕೆಳಗೆ ಹಾಸಿದೆವು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ಮೂಳೆ ಬುಟ್ಟು ಚಳಿ ಹೋಗ್ತಾ ಐತೆ ಕಣ್ರೋ" ಅಂದರು. ಅವತ್ತು ಅವರು ಗೋಡೆಗೆ ಮುಖ ತಿರುಗಿಸಲಿಲ್ಲ.

ಅಂದಿನಿಂದ ಅದನ್ನು ಹಾಕುವ, ತೆಗೆಯುವ ಕೆಲಸ ನನ್ನದಾಯಿತು. ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ಮಲಗುವ ಮುಂಚೆ ತೆಗೆದೇ ತೀರಬೇಕು ಅಂತ ನಾನು ಹಟ ಹಿಡಿದಿದ್ದೆ. ಗೋಡೆಯ ಸ್ವಿಚ್ಚು ಮಂಚದ ಆಚೆ ಬದಿಗಿತ್ತು. ಕಬ್ಬಿಣಕ್ಕೆ ಸೀರೆಯೂ ತಾಗದ ಹಾಗೆ ಬಗ್ಗಿ, ಉಸಿರು ಬಿಗಿಹಿಡಿದು, ಒಂದು ಬೆರಳಲ್ಲಿ ಒತ್ತುತ್ತಿದ್ದೆ. ಆ ಬೆಂಕಿಕಡ್ಡಿಗಳ ಪಕ್ಕದಲ್ಲಿ ಒಮ್ಮೊಮ್ಮೆ ಸಣ್ಣಗೆ ಚಟ್ ಅನ್ನುತ್ತಿತ್ತು. ಸಾರು ಕುದಿಸುವಾಗ, ಬಟ್ಟೆ ಒಗೆಯುವಾಗ ಎದ್ದು ಬಂದು ಮೂಸಿ ಹೋಗುತ್ತಿದ್ದೆ.

"ಏನೇ ಅದು, ನಾಯಿ ಮೂಸ್ದಂಗೆ ಮೂಸ್ತೀಯ?" ಅತ್ತೆ ಛೇಡಿಸುತ್ತಿದ್ದರು.

"ಸುಟ್ಟ ವಾಸನೆ ಬಂತೇನೋ ಅಂತ ಅತ್ತೆ."

"ನಾನು ಸುಟ್ರೆ ನಂಗೇ ಮೊದ್ಲು ಗೊತ್ತಾಗಲ್ವೇನೇ, ಪೆದ್ದಿ?"

ಗೊತ್ತಾಗುವುದಿಲ್ಲ ಅತ್ತೆ, ಅದೇ ನನ್ನ ಭಯ. ನಾಲಿಗೆಯವರೆಗೂ ಬಂತು ಆ ಮಾತು. ಬೆಚ್ಚಗೆ ಮಲಗಿದ್ದ ಅವರ ಮುಖ ನೋಡಿ ನುಂಗಿಕೊಂಡೆ.

ಅವರು ಜಪಾನಿನಿಂದ ಬಂದ ಮೇಲೆ ಮೊದಲನೆಯ ಅಮಾವಾಸ್ಯೆ ಬಂತು. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಗುಡಿಸಿ, ಒರೆಸಿ, ಎಣ್ಣೆ ಹಾಕಿ, ಲಾಳಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಮಂಗಳಾರತಿ ಎತ್ತಿ ಸುಮ್ಮನಾಗುತ್ತಾರೆ. ಮನೆಯಲ್ಲಿ ಸಾಲ ಸೋಲವಿದ್ದರೂ, ಸೀರೆ ಕೊಡುವ ಗಡುವಿದ್ದರೂ ಅವತ್ತು ಮೋಟಾರು ತಿರುಗುವುದಿಲ್ಲ. ಅದು ನಾನು ಬಂದಾಗಿನಿಂದ ನೋಡಿದ ಪದ್ಧತಿ. ಮನೆಗೆ ನೆಮ್ಮದಿಯ ದಿನ ಅದು.

ಅವತ್ತು ಅತ್ತೆಗೂ ತಲೆಗೆ ನೀರು ಹಾಕಿದ್ದೆ. ಮಗ್ಗದ ಪೂಜೆಯ ಮಂಗಳಾರತಿಯನ್ನು ಮಂಚದವರೆಗೆ ತಂದು ಕೊಟ್ಟೆವು. ಹೋಳಿಗೆ ಊಟವಾಯಿತು. ನಮ್ಮನೆಯವರು ಎಲೆ ಅಡಿಕೆ ಹಾಕಿಕೊಂಡು ಬೀದಿಯ ಕೊನೆಯ ಮನೆಗೆ ಹರಟೆಗೆ ಹೋದರು. ನೀರು ಹಾಕಿದ್ದಕ್ಕೆ ಅತ್ತೆಗೆ ಚಳಿ ಹತ್ತಿತ್ತು. "ಜಪಾನ್ ಹಾಸಿಗೆ ಹಾಕೇ, ಕಾಲು ಎಳೀತಾ ಐತೆ" ಅಂದರು. ದಿನದಂತೆ ಹಾಸಿದೆ, ಕಮ್ಮಿ ಗುರುತು ನೋಡಿಕೊಂಡೆ, ಬಗ್ಗಿ ಸ್ವಿಚ್ಚು ಒತ್ತಿದೆ. ಹಗಲು ಬೆಳಕು, ದೀಪ ಹಾಕಿರಲಿಲ್ಲ. ಒಗೆದ ಬಟ್ಟೆಗಳ ಬಕೆಟ್ಟು, ಹರವುವ ಬಿದಿರು ಕೋಲು ಹಿಡಿದು ತಾರಸಿಗೆ ಹೋದೆ.

ತಾರಸಿಯ ಮೇಲೆ ಹಾಯಾಗಿತ್ತು. ಎಷ್ಟು ನಿಶ್ಶಬ್ದವೆಂದರೆ ದೂರದ ರೈಲಿನ ಕೂಗೂ ಕೇಳುತ್ತಿತ್ತು. ಪಕ್ಕದ ಮನೆಯಾಕೆ ಅವರ ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ನಗುಮುಖದವಳು.

"ಅಕ್ಕಾ, ಇಲ್ನೋಡಿ" ಅಂತ ಕೆಳಗಿನ ಅವರ ಜಗಲಿ ತೋರಿಸಿದಳು. "ನಮ್ಮನೆ ದೀಪ ಆರಿಸೋದು ಯಾವಾಗ್ ಮರ್ತಿದ್ವೋ ಏನೋ. ದಿನಾ ಹಗಲೊತ್ತು ಉರೀತೈತೋ ಇಲ್ವೋ ಅಂತಾನೇ ಗೊತ್ತಾಗ್ತಿರಲಿಲ್ಲ. ಇವತ್ತು ನೋಡಿ, ಬಿಸ್ಲಲ್ಲೂ ಕಣ್ಣು ಕುಕ್ತದೆ!"

ಬಗ್ಗಿ ನೋಡಿದೆ. ಜಗಲಿಯ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಅಷ್ಟು ಬಿಳಿ ಬೆಳಕನ್ನು ಆ ಬೀದಿಯಲ್ಲಿ ನಾನು ಕಂಡಿರಲಿಲ್ಲ. ಚಂದವಾಗಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಅದು ಫಟ್ಟೆಂದು ಒಡೆದು ಗಾಜು ಜಗಲಿಯ ಮೇಲೆ ಚೆಲ್ಲಿತು. ಅವಳು "ಅಯ್ಯಯ್ಯೋ" ಅಂತ ನಕ್ಕಳು.

ನನಗೆ ನಗು ಬರಲಿಲ್ಲ. ಊರಿನ ಒಂದು ಮಗ್ಗವೂ ಓಡುತ್ತಿಲ್ಲ. ಕರೆಂಟು ಕುಡಿಯುವವರು ಯಾರೂ ಇಲ್ಲ. ಅಷ್ಟೂ ಕರೆಂಟು ಮನೆಮನೆಯ ಲೈಟ್ ಲೈನಿನಲ್ಲಿ ನುಗ್ಗಿ ಬರುತ್ತಿದೆ. ನಮ್ಮ ಮನೆಯಲ್ಲಿ ಅದು ನುಗ್ಗುತ್ತಿರುವುದು ಒಂದೇ ಕಡೆಗೆ. "ಅತ್ತೇ" ಅಂತ ಕೂಗಿದೆನಂತೆ. ಪಕ್ಕದ ಮನೆಯಾಕೆ ಆಮೇಲೆ ಹೇಳಿದ್ದು. ನನಗೆ ನೆನಪಿರುವುದು ಮೆಟ್ಟಿಲು ಮಾತ್ರ, ಎಷ್ಟು ಇಳಿದರೂ ಮುಗಿಯದ ಮೆಟ್ಟಿಲು.

ಕೋಣೆಯ ಬಾಗಿಲಲ್ಲೇ ವಾಸನೆ ಹೊಡೆಯಿತು. ಬಟ್ಟೆ ಸುಟ್ಟ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ, ಅದನ್ನು ಹೇಳುವುದು ಬೇಡ. ಕಂಬಳಿಯ ಅಂಚಿನಿಂದ ತೆಳ್ಳಗೆ ಹೊಗೆ ಬರುತ್ತಿತ್ತು. ಅತ್ತೆ ಎಚ್ಚರವಾಗಿಯೇ ಇದ್ದರು. ನನ್ನನ್ನು ನೋಡಿ ನಕ್ಕರು.

"ಇವತ್ತು ಏನ್ ಹಾಯಾಗೈತೆ ಕಣೇ" ಅಂದರು. "ಒಳ್ಳೇ ಬಿಸಿ ಬಂದೈತೆ. ಅಡುಗೆಮನೇಲಿ ಏನೋ ಸೀದೈತೆ, ಹೋಗಿ ನೋಡು."

ನಾನು ಅದುವರೆಗೆ ಅಷ್ಟು ಹೆದರಿದ್ದಿಲ್ಲ, ಆಮೇಲೂ ಹೆದರಿಲ್ಲ. ಸ್ವಿಚ್ಚು ಮಂಚದ ಆಚೆಗೆ. ಮಂಚ ಕಬ್ಬಿಣದ್ದು. ಮೆತ್ತೆಯೊಳಗಿನ ತಂತಿ ಸುಟ್ಟು ಕಬ್ಬಿಣಕ್ಕೆ ತಾಗಿದ್ದರೆ? ಲೈಟ್ ಲೈನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಹಿಡಿದುಕೊಂಡವರನ್ನು ಮುಟ್ಟಿದರೆ ನನ್ನನ್ನೂ ಹಿಡಿಯುತ್ತದೆ. ಕೈಯಲ್ಲಿ ಬಿದಿರು ಕೋಲು ಇನ್ನೂ ಇತ್ತು. ಅದರಿಂದ ಗೋಡೆಯ ವೈರಿಗೆ ಬೀಸಿ ಹೊಡೆದೆ. ಒಂದು ಬೆಂಕಿಕಡ್ಡಿ ಹಾರಿ ಒಂದು ತಂತಿ ಹೊರಬಂತು, ನೀಲಿ ಕಿಡಿ ಸಿಡಿಯಿತು. ಇನ್ನೊಂದು ತಂತಿ ತೂತಿನಲ್ಲೇ ಉಳಿಯಿತು. ಇನ್ನೊಮ್ಮೆ ಹೊಡೆದೆ. ಬರಲಿಲ್ಲ. ಒಂದು ತಂತಿಯಲ್ಲಿ ಎಷ್ಟು ಕರೆಂಟು ಇರುತ್ತದೆ? ಅರ್ಧವೇ? ಅರ್ಧದಲ್ಲಿ ಮನುಷ್ಯ ಸಾಯುವುದಿಲ್ಲವೇ? ಯಾರನ್ನು ಕೇಳಲಿ?

"ಏನೇ ಅದು, ಕೋಲು ತಗೊಂಡ್ ಗೋಡೆ ಹೊಡೀತಿದ್ದೀಯ? ಮೈಮೇಲೆ ದೇವ್ರು ಬಂತಾ?" ಅತ್ತೆ ಗದರಿಸಿದರು. ಅಷ್ಟರಲ್ಲಿ ಕಂಬಳಿಯ ಕೆಳಗೆ ಕೆಂಪಗೆ ಏನೋ ಕಂಡಿತು.

ಕೋಲು ಎಸೆದೆ. ಸತ್ತರೆ ಸಾಯುತ್ತೇನೆ ಅಂದುಕೊಂಡೆ. ದೊಡ್ಡ ಮಾತಾಡುತ್ತಿಲ್ಲ, ನಿಜವಾಗಿಯೂ ಸಾಯುತ್ತೇನೆ ಅಂತಲೇ ಅಂದುಕೊಂಡೆ. ಕಣ್ಣು ಮುಚ್ಚಿ ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ ಎಳೆದೆ. ಹಿಡಿದುಕೊಳ್ಳುತ್ತದೆ ಅಂತ ಕಾದೆ. ಹಿಡಿಯಲಿಲ್ಲ. ಇಬ್ಬರೂ ನೆಲಕ್ಕೆ ಬಿದ್ದೆವು, ಅತ್ತೆ ನನ್ನ ಮೇಲೆ. ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದರು. ಪಕ್ಕದ ಮನೆಯಾಕೆ ಓಡಿ ಬಂದು ಒಂದು ಕೊಡ ನೀರನ್ನು ಮೆತ್ತೆಯ ಮೇಲೆ ಸುರಿಯಲು ಹೋದಳು. ಬೇಡ ಕಣೇ, ನೀರು ಬೇಡ ಕಣೇ ಅಂತ ಕಿರುಚಿದೆ. ಅವಳೇ ಹಜಾರಕ್ಕೆ ಓಡಿ ಮೇನ್ ಸ್ವಿಚ್ಚು ಇಳಿಸಿದಳು. ಆಮೇಲೆ ಅತ್ತೆಯನ್ನು ಮಗ್ಗುಲಿಗೆ ತಿರುಗಿಸಿ ನೋಡಿದೆ. ತೊಡೆಯ ಹಿಂಭಾಗ, ನನ್ನ ಅಂಗೈಗಿಂತ ಅಗಲಕ್ಕೆ.

"ಏನಾಯ್ತೇ?" ಅಂದರು. "ಯಾಕೆ ಅಳ್ತಾ ಇದ್ದೀಯ? ನಂಗೇನೂ ಆಗಿಲ್ವಲ್ಲ."

ಆಸ್ಪತ್ರೆಯ ಡಾಕ್ಟರು ಗಾಯ ತೊಳೆಯುವಾಗಲೂ ಅತ್ತೆ ನೆರೆಮನೆಯವರ ಸುದ್ದಿ ಮಾತಾಡುತ್ತಿದ್ದರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ನೋವಿದ್ದಿದ್ರೆ ಚೆನ್ನಾಗಿತ್ತಮ್ಮ. ನೋವಾದ್ರೆ ಕೆಡ್ತಾ ಇದೆ ಅಂತ ಅವರೇ ಹೇಳೋರು. ಈಗ ನೀವೇ ನೋಡ್ಬೇಕು. ಬಣ್ಣ ನೋಡಿ, ವಾಸನೆ ನೋಡಿ. ಸಕ್ಕರೆ ಕಾಯಿಲೆ ಬೇರೆ ಇದೆ. ವಿಷ ಏರಿದ್ರೆ ಉಳಿಯೋದು ಕಷ್ಟ" ಅಂದರು.

ಆ ಚಳಿಗಾಲವೆಲ್ಲ ನಾನು ಬದುಕಿದ್ದು ಆ ಗಾಯದ ಮುಂದೆ. ಬೆಳಿಗ್ಗೆ ಎದ್ದು ಪಟ್ಟಿ ಬಿಚ್ಚಿ ನೋಡುತ್ತಿದ್ದೆ, ಮೂಸುತ್ತಿದ್ದೆ. ಇವತ್ತು ಹಸಿರು ಬಣ್ಣ ಕಂಡರೆ? ಇವತ್ತು ವಾಸನೆ ಬಂದರೆ? ಒಮ್ಮೆ ಜ್ವರ ಏರಿ, ಅತ್ತೆ ಸತ್ತ ಮಾವನನ್ನು ಕರೆದು ಮಗ್ಗದ ಲೆಕ್ಕ ಕೇಳಿದರು. ಅವತ್ತು ನಾನು ದೇವರ ಮುಂದೆ ಕೂತು ಬಾಯಿಗೆ ಬಂದ ಹರಕೆಯನ್ನೆಲ್ಲ ಹೊತ್ತೆ. ನಮ್ಮನೆಯವರು ಆ ಕೋಣೆಗೆ ಬರುವುದನ್ನೇ ಬಿಟ್ಟಿದ್ದರು. ಹೊಸ್ತಿಲ ಆಚೆ ಕೂತು ಒಂದೇ ಮಾತು, "ಅಲ್ಲಿ ನಮ್ಮ ಕಾಯಿಲ್ ಹಾಕ್ದಾಗ ಏನೂ ಆಗ್ಲಿಲ್ವಲ್ಲೇ. ಏನೂ ಆಗ್ಲಿಲ್ವಲ್ಲ." ನಮ್ಮ ಕಾಯಿಲಿಗೆ ಅಲ್ಲಿ ಹೊಟ್ಟೆ ತುಂಬಲಿಲ್ಲ, ಬರೀ ಸೋತಿತು. ಅವರ ಮೆತ್ತೆಗೆ ಇಲ್ಲಿ ಹೊಟ್ಟೆ ಬಿರಿಯುವಷ್ಟು ತುರುಕಿದೆವು. ಉಪವಾಸವಿದ್ದವನು ಸುಸ್ತಾಗಿ ಕೂರುತ್ತಾನೆ, ಅಷ್ಟೇ. ಇದು ಆಮೇಲೆ ನನಗೆ ನಾನೇ ಬಿಡಿಸಿಕೊಂಡ ಲೆಕ್ಕ. ಮೊದಲೇ ತಿಳಿದಿದ್ದರೆ ಅನ್ನುವ ಮಾತಿಗೆ ಕೊನೆಯಿಲ್ಲ.

ಗಾಯ ಕೆಡಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಅಂಚಿನಿಂದ ಒಣಗುತ್ತ ಬಂದು, ತೆಳ್ಳನೆಯ ಗುಲಾಬಿ ಚರ್ಮ ಮುಚ್ಚಿತು. ಡಾಕ್ಟರು ಇನ್ನು ಬರುವುದು ಬೇಡ ಅಂದ ದಿನ ನಾನು ಆಸ್ಪತ್ರೆಯ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಗೆದ್ದೆವು ಅಂದುಕೊಂಡೆ.

ಮರುವರ್ಷ ಮತ್ತೆ ಚಳಿ ಬಂತು. ಒಂದು ಸಂಜೆ ತಲೆ ಬಾಚುತ್ತಿದ್ದಾಗ ಅತ್ತೆ ಗೋಡೆಯ ಕಡೆ ನೋಡುತ್ತ ಮೆಲ್ಲಗೆ ಕೇಳಿದರು.

"ಆ ಜಪಾನ್ ಹಾಸಿಗೆ ಏನ್ ಮಾಡಿದ್ರೇ?"

"ಆಗ್ಲೇ ಎಸೆದ್ವಲ್ಲ ಅತ್ತೆ. ಅದರ ಸುದ್ದಿ ಯಾಕೆ ಈಗ?"

"ಸುಟ್ಟಿದ್ದು ನಂಗೊತ್ತು. ನೀನು ಪಟ್ಟ ಪಾಡೂ ಗೊತ್ತು. ಆದ್ರೂ ಹೇಳ್ತೀನಿ ಕೇಳು. ಲಕ್ವ ಹೊಡೆದ ಮ್ಯಾಲೆ ಅವತ್ತೊಂದಿನ ಕಣೇ, ಆ ಕಾಲು ನಂದು ಅನ್ನಿಸ್ತು."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ನಾವು ಸಾವು ಅಂತ ನಡುಗಿದ ಆ ಗಳಿಗೆಯಲ್ಲಿ ಅವರು ನಕ್ಕಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಅವರು ಕೇಳಿದ್ದು ಮತ್ತೆ ಅದೇ ಬಿಸಿ. ಅದನ್ನು ಕೊಡುವ ಧೈರ್ಯ ನನಗೆ ಎಲ್ಲಿಂದ ಬರಬೇಕು?

ಅಂದಿನಿಂದ ಉಪ್ಪಿನ ಶಾಖ ಕೊಡಲು ಶುರುಮಾಡಿದೆ. ಕಲ್ಲುಪ್ಪನ್ನು ಬಾಣಲೆಯಲ್ಲಿ ಹುರಿದು, ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ನನ್ನ ಮೊಣಕೈ ಒಳಭಾಗಕ್ಕೆ ಮುಟ್ಟಿಸಿ ನೋಡುತ್ತಿದ್ದೆ. ಬಿಸಿ ಅನ್ನಿಸಿದರೆ ಕೆಳಗಿಟ್ಟು ಕಾಯುತ್ತಿದ್ದೆ. ಮತ್ತೆ ಮುಟ್ಟಿಸಿ ನೋಡುತ್ತಿದ್ದೆ, ಮತ್ತೆ ಕಾಯುತ್ತಿದ್ದೆ. ನನ್ನ ಕೈಗೆ ಏನೂ ಅನ್ನಿಸದಷ್ಟು ಆರಿದ ಮೇಲೆಯೇ ಆ ಗುಲಾಬಿ ಚರ್ಮದ ಪಕ್ಕಕ್ಕೆ ಇಡುತ್ತಿದ್ದೆ. ಅವರು ಹೋಗುವವರೆಗೆ ಪ್ರತಿ ಚಳಿಗಾಲದಲ್ಲೂ ಹೀಗೇ ನಡೆಯಿತು.

"ಇಟ್ಯೇನೇ?" ಅಂತ ಕೇಳುತ್ತಿದ್ದರು.

"ಇಟ್ಟೆ ಅತ್ತೆ."

"ಬಿಸಿ ಐತಾ?"

"ಐತೆ ಅತ್ತೆ."

"ಹಂಗಾದ್ರೆ ಸರಿ ಬುಡು" ಅಂದು ಕಣ್ಣು ಮುಚ್ಚುತ್ತಿದ್ದರು.